ಕಾಲಿನ ಸಿರೆಯ ಕಸಿ ಮತ್ತು ಅದರ ಪರೀಕ್ಷಣದ ಇತಿಹಾಸ

ಕಾಲಿನ ಧಮನಿಯು ಮುಚ್ಚಿಹೋದಾಗ ರೋಗಿಯದೇ ಸಿರೆಯೊಂದನ್ನು ತೆಗೆದು ನೆತ್ತರಿಗೆ ಬಳಸುದಾರಿಯನ್ನು ಕಲ್ಪಿಸುವ ಶಸ್ತ್ರಕ್ರಿಯೆಯು 1948ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಪ್ಯಾರಿಸ್ ನಗರದಲ್ಲಿ ಝಾನ್ ಕುನ್ಲಿನನಿಂದ ನಡೆಯಿತು. ಇಲ್ಲಿ ಧಮನಿಯೆಂದರೆ ಹೃದಯದಿಂದ ನೆತ್ತರನ್ನೊಯ್ಯುವ ನಾಳ; ಸಿರೆಯೆಂದರೆ ಅದನ್ನು ಮರಳಿ ತರುವ ನಾಳ. ಸುಶ್ರುತಸಂಹಿತೆಯು ಸಿರೆಗಳನ್ನು 700 ಎಂದೂ ಧಮನಿಗಳನ್ನು 24 ಎಂದೂ ಎಣಿಸುವುದಾದರೂ ಅಲ್ಲಿ ಈ ಶಬ್ದಗಳ ಅರ್ಥವ್ಯಾಪ್ತಿಯೇ ಬೇರೆ, ಎರಡನ್ನೂ ಬೆರೆಸಲಾಗದು.

ಈ ಕಾರ್ಯಕ್ಕೆ ಪೂರ್ವಸಿದ್ಧತೆ ಇಲ್ಲದಿರಲಿಲ್ಲ. ನಾಳಗಳನ್ನು ಹೊಲಿಯುವ ಕ್ರಮವನ್ನು ಲಿಯೋನ್ ನಗರದ ಅಲೆಕ್ಸಿ ಕ್ಯಾರೆಲನು 1902ರಲ್ಲಿ ಪ್ರಕಟಿಸಿದ್ದನು. ಮ್ಯಾಡ್ರಿಡ್ಡಿನ ಗೊಯಾನೆಸನು 1906ರಲ್ಲಿ ಮೊಣಕಾಲ ಹಿಂಬದಿಯ ಧಮನಿಗೆ ಬದಲಾಗಿ ನೆರೆಯ ಸಿರೆಯನ್ನೇ ಬಳಸಿದ್ದನು. ಕುನ್ಲಿನನ ವಿಶೇಷವೆಂದರೆ, ಮುಚ್ಚಿದ ಭಾಗದ ಗೊಡವೆಗೆ ಹೋಗದೆ ಅದರ ಮೇಲೂ ಕೆಳಗೂ ಸಿರೆಯ ತುದಿಗಳನ್ನು ಧಮನಿಯ ಪಕ್ಕಕ್ಕೆ ಹೊಲಿದುದು. ಸಿರೆಯ ಕವಾಟಗಳು ಒಮ್ಮುಖವಾದುದರಿಂದ ಅದನ್ನು ತುದಿಮೊದಲಾಗಿ ತಿರುಗಿಸಬೇಕಾಯಿತು.

ಆದರೆ ಧಮನಿಯ ಒತ್ತಡಕ್ಕೆ ಸಿಕ್ಕಿದ ಸಿರೆಯು ಹಿಂದಿನ ಸಿರೆಯಾಗಿ ಉಳಿಯುವುದಿಲ್ಲ. ಅದರ ಭಿತ್ತಿಯು ದಪ್ಪವಾಗುತ್ತದೆ. ಒಳಪದರವು ಬೆಳೆದು, ಬಹುಮಟ್ಟಿಗೆ ಮೊದಲೆರಡು ವರ್ಷಗಳೊಳಗೆ, ಕೆಲವರಲ್ಲಿ ದಾರಿಯನ್ನು ಕಿರಿದುಮಾಡುತ್ತದೆ. ಡೆಟ್ರಾಯಿಟ್ ನಗರದ ಸಿಲಾಜಿಯೂ ಅವನ ಸಹೋದ್ಯೋಗಿಗಳೂ ಬಣ್ಣದ್ರವ ತುಂಬಿದ ಕ್ಷಕಿರಣಚಿತ್ರಗಳ ಮೂಲಕ ಈ ಮಾರ್ಪಾಡುಗಳನ್ನು ಅನುಸರಿಸಿ 1973ರಲ್ಲಿ ವರದಿಮಾಡಿದರು. ಕಿರಿದಾಗುವಾಗ ರೋಗಿಗೆ ಏನೂ ತೋರದೆ ಇರಬಹುದು. ಪೂರ್ಣ ಮುಚ್ಚಿದ ಮೇಲೆ ಕಾಲನ್ನೇ ಕಳೆದುಕೊಳ್ಳುವ ಭಯ. ಆದುದರಿಂದಲೇ ಕಸಿಯನ್ನು ಕಾಯುವ ಪ್ರಶ್ನೆ ಹುಟ್ಟಿತು.

ಲಿಸ್ಬನ್ನಿನ ದೊಸ್ ಸಾಂತೋಸನು 1929ರಲ್ಲಿ ಮಹಾಧಮನಿಯ ಬಣ್ಣಚಿತ್ರವನ್ನು ಸಾಧಿಸಿದ್ದನು. ಆ ಮಾರ್ಗದಲ್ಲಿ ನಾಳಕ್ಕೆ ಸೂಜಿ ಚುಚ್ಚಬೇಕು. ಅಯೋಡಿನ್ ದ್ರವದಿಂದ ಮೂತ್ರಪಿಂಡಕ್ಕೆ ಕೇಡೂ ಉಂಟು. ಶ್ರವಣಾತೀತ ಧ್ವನಿಯ ಪರೀಕ್ಷೆಯು ಬಂದ ಮೇಲೆ ಚುಚ್ಚುವಿಕೆಯಿಲ್ಲದೆ ನೆತ್ತರಿನ ವೇಗವನ್ನು ಅಳೆಯುವುದು ಸಾಧ್ಯವಾಯಿತು.

ಬ್ಲಾಖ್, ಪರ್ಸೆಲ್ ಎಂಬಿಬ್ಬರು 1946ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ಕಾಂತೀಯ ಅನುರಣನವನ್ನು ಲಾಟರ್‌ಬರನು 1973ರಲ್ಲಿ ಚಿತ್ರವಾಗಿ ಪರಿವರ್ತಿಸಿದನು. ಗ್ಯಾಡೊಲಿನಿಯಮ್ ಧಾತುವಿನ ಸಂಯುಕ್ತವನ್ನು ಸಿರೆಗೆ ಹಾಕಿ ಧಮನಿಗಳನ್ನು ಕಾಣುವ ಕ್ರಮವು 1990ರ ದಶಕದಲ್ಲಿ ಬೆಳೆಯಿತು. ಹೊಟ್ಟೆಯಿಂದ ಪಾದದವರೆಗಿನ ಮಾರ್ಗವೆಲ್ಲ ಎಂ.ಆರ್.ಐ. ಚಿತ್ರದಲ್ಲಿ ಮೂಡಿತು. ದೋಷಗಳೂ ಇಲ್ಲದಿಲ್ಲ: ಶಸ್ತ್ರವೈದ್ಯನು ಬಿಟ್ಟ ಲೋಹದ ಚಿಮಟಿಗಳ ಬಳಿ ಚಿತ್ರವು ಅಳಿಸಿಹೋಗಿ, ಇಲ್ಲದ ಇಕ್ಕಟ್ಟು ಇದ್ದಂತೆ ತೋರುವುದು, ಮೂತ್ರಪಿಂಡ ಕೆಟ್ಟವರಲ್ಲಿ ಚರ್ಮ ಗಡುಸಾಗುವ ವ್ಯಾಧಿಗೂ ಈ ಸಂಯುಕ್ತಕ್ಕೂ ಇರುವ ಸಂಬಂಧ 2006ರಲ್ಲಿ ಬೆಳಕಿಗೆ ಬಂದಿತು.

ಬಣ್ಣಚಿತ್ರವು ತೋರುವುದು ನಾಳದ ಟೊಳ್ಳನ್ನು ಮಾತ್ರ. ಆ ಕಾರಣದಿಂದಲೇ ದೀರ್ಘಕಾಲ ಇಕ್ಕಟ್ಟೇ ರೋಗವೆಂದು ಎಣಿಸಲ್ಪಟ್ಟಿತೆಂದು ಹೇಳಿದರೆ ತಪ್ಪಾಗಲಾರದು. ನೆತ್ತರಿನ ಸಂಕೇತವನ್ನು ಅಡಗಿಸಿ ಕಪ್ಪಾಗಿಸುವ ಎಂ.ಆರ್.ಐ. ಕ್ರಮವಾದರೋ ಭಿತ್ತಿಯನ್ನೇ ಕಾಣಿಸುತ್ತದೆ. ದಪ್ಪವಾಗುತ್ತಲೇ ಹೊರಕ್ಕೆ ಹಿಗ್ಗಿ ದಾರಿಯನ್ನುಳಿಸಿಕೊಂಡ ಸಿರೆಯನ್ನು ಒಳಕ್ಕೆ ಕುಗ್ಗಿದ ಸಿರೆಯಿಂದ ಬೇರ್ಪಡಿಸಬಹುದು.

ಬ್ರಿಟನ್ನಿನಲ್ಲಿ 594 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಧ್ವನಿಯಂತ್ರದಿಂದ ಕಾಯಲ್ಪಟ್ಟವರಿಗೂ ವೈದ್ಯರ ಸಾಮಾನ್ಯ ತಪಾಸಣೆ ಮಾತ್ರ ನಡೆದವರಿಗೂ 18 ತಿಂಗಳಲ್ಲಿ ಕಾಲು ಕಳೆದುಕೊಂಡ ಪ್ರಮಾಣ ಒಂದೇ ಆಗಿತ್ತು: ನೂರಕ್ಕೆ 7. ಭಿತ್ತಿಯನ್ನು ನೋಡುವುದರಿಂದ ಈ ಲೆಕ್ಕ ಬದಲಾಗುವುದೆಂದು ಇನ್ನೂ ಸಿದ್ಧಪಟ್ಟಿಲ್ಲ. ಧ್ವನಿಪರೀಕ್ಷೆಯು ಸಂದಿಗ್ಧವಾದೆಡೆ, ಇಲ್ಲವೆ ಮರುಶಸ್ತ್ರಕ್ರಿಯೆಗೆ ಮೊದಲು, ವೈದ್ಯರು ಎಂ.ಆರ್.ಐ. ಚಿತ್ರವನ್ನು ಅಪೇಕ್ಷಿಸುತ್ತಾರೆ.