ಕಿವಿಗೆ ದಕ್ಕಿದ ಕುಮಾರವ್ಯಾಸ, ಕಿವಿಗೆ ದಕ್ಕದ ಮದುಮಗಳು

ಹೋದ ವಾರದ ವಿಡಿಯೋದ ಬರಹ ರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಇಸವಿಗಳನ್ನು ಇಲ್ಲಿ ಸೇರಿಸಿದ್ದೀನಿ.

ಮನೆ ಕಥೆಯಿಂದಲೇ ಶುರು ಮಾಡ್ತೀನಿ. ನಾನಿರೋದು ಪುಣೆಯಲ್ಲಿ, ಅಪ್ಪ ಅಮ್ಮ ಶಿವಮೊಗ್ಗದಲ್ಲಿ. ಎರಡು ವರ್ಷದ ಹಿಂದೆ ಅಪ್ಪನಿಗೆ ಕಣ್ಣಿನ ತೊಂದರೆ ಜಾಸ್ತಿಯಾಗಿ ಓದೋದು ನಿಂತುಹೋಯ್ತು. ‘ರಿಟೈರ್ ಆದಮೇಲೆ ಓದೋಣ ಅಂತ ಮಲೆಗಳಲ್ಲಿ ಮದುಮಗಳು ಎತ್ತಿಟ್ಟಿದ್ದೆ. ಹಾಗೇ ಉಳೀತು ನೋಡು’ ಅಂದರು. ಸರಿ, ನಾನೇ ಓದ್ತೀನಿ ಅಂತ ರಾತ್ರಿ ಊಟ ಆದಮೇಲೆ ಫೋನಲ್ಲಿ ದಿನಕ್ಕೆ ಅರ್ಧ ಗಂಟೆ ಓದೋಕೆ ಕೂತೆ.

ಮೂರನೇ ವಾರಕ್ಕೆ ಗಾಡಿ ನಿಂತಿತು. ‘ತಡಿ, ಈ ಮುಕುಂದಯ್ಯ ಯಾವೂರವನು ಅಂದಿ?’ ‘ಕೋಣೂರು, ಅಪ್ಪ.’ ‘ಹಂಗಾದ್ರೆ ಸುಬ್ಬಣ್ಣ ಹೆಗ್ಗಡೆ?’ ‘ಅವರು ಹಳೆಮನೆ.’ ಐದು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಕೊನೆಗೊಂದು ದಿನ, ‘ಸಾಕು ಬಿಡೋ, ವಯಸ್ಸಾಯ್ತು, ತಲೆಗೆ ಹೋಗ್ತಿಲ್ಲ’ ಅಂದರು. ಆ ಮಾತು ನನಗೆ ತುಂಬಾ ಚುಚ್ಚಿತು.

ಯಾಕಂದ್ರೆ ಇದೇ ಅಪ್ಪ ಚಿಕ್ಕ ಹುಡುಗನಾಗಿದ್ದಾಗ ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಲ್ಲಿ ರಾತ್ರಿ ಕೂತು ಗಮಕ ಕೇಳಿದವರು. ಹೊಸಹಳ್ಳಿ ಗಮಕಕ್ಕೇ ಹೆಸರಾದ ಊರು. ಅಲ್ಲಿ ಕೇಳಿದ ಕುಮಾರವ್ಯಾಸನ ಕರ್ಣಪರ್ವದ ಪ್ರಸಂಗಗಳನ್ನು ಇವತ್ತಿಗೂ ಹೇಳ್ತಾರೆ. 15ನೇ ಶತಮಾನದ ಕನ್ನಡ ಹತ್ತು ವರ್ಷದ ಹುಡುಗನ ಕಿವಿಗೆ ದಕ್ಕಿತು. 1967ರ ಕಾದಂಬರಿ, ಅದೂ ತಮ್ಮದೇ ಜಿಲ್ಲೆಯ ಕಥೆ, ದಕ್ಕಲಿಲ್ಲ. ವಯಸ್ಸೊಂದೇ ಕಾರಣಾನಾ? ಅಲ್ಲ ಅನ್ನೋದು ನನ್ನ ವಾದ. ಆ ಎರಡು ಕೃತಿಗಳನ್ನು ಕಟ್ಟಿರೋ ರೀತಿಯೇ ಬೇರೆ.

ಮೊದಲು ಕುಮಾರವ್ಯಾಸ. ಅವನದು ಭಾಮಿನಿ ಷಟ್ಪದಿ. ಆರು ಸಾಲು. 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ನೇ ಸಾಲಿಗೆ 23. ಒಟ್ಟು 102. ಪ್ರತಿ ಪದ್ಯಕ್ಕೂ ಅಷ್ಟೇ. ಇದರ ಮೇಲೆ ಆದಿಪ್ರಾಸ ಬೇರೆ: ಆರೂ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ. ನಮ್ಮ ಭಾಷೇಲಿ ಹೇಳೋದಾದ್ರೆ ಪ್ಯಾಕೆಟ್ ಸೈಜ್ ಫಿಕ್ಸ್, ಜೊತೆಗೊಂದು ಚೆಕ್‌ಸಮ್. ಒಂದು ಪದ ತಪ್ಪಿದರೆ ಕಿವಿಗೇ ಗೊತ್ತಾಗುತ್ತೆ. ಇನ್ನು ಕಥೆ ಕೇಳುಗರಿಗೆ ಮೊದಲೇ ಗೊತ್ತು. ಕರ್ಣ ಯಾರ ಮಗ ಅಂತ ಯಾರೂ ಕೇಳಲ್ಲ.

ಎಲ್ಲಕ್ಕಿಂತ ಮುಖ್ಯ, ಗಮಕದಲ್ಲಿ ಇಬ್ಬರು ಇರ್ತಾರೆ. ಒಬ್ಬರು ವಾಚನ ಮಾಡೋರು, ಇನ್ನೊಬ್ಬರು ವ್ಯಾಖ್ಯಾನ ಮಾಡೋರು. ಪದ್ಯ ಮುಗಿದ ಕೂಡಲೇ ವ್ಯಾಖ್ಯಾನಕಾರರು ನಿಲ್ಲಿಸಿ ಬಿಡಿಸಿ ಹೇಳ್ತಾರೆ. ಅಂದರೆ ಅರ್ಥವಾಗದೇ ಹೋಗಬಹುದು ಅನ್ನೋದನ್ನು ಆ ಪದ್ಧತಿ ಮೊದಲೇ ಲೆಕ್ಕ ಹಾಕಿದೆ.

ಹಾಗಂತ ಆ ಕಾಲದಲ್ಲಿ ಬರಹ ಇರಲಿಲ್ಲ ಅಂತಲ್ಲ. ಓಲೆಗರಿ ಇತ್ತು. ಆದರೆ ಓಲೆಗರಿಯಲ್ಲಿ ಪದ ಪದದ ನಡುವೆ ಜಾಗ ಬಿಡ್ತಿರಲಿಲ್ಲ, ಅಕ್ಷರ ಉದ್ದಕ್ಕೂ ಒಂದೇ ಸಾಲು. ಬಾಯಲ್ಲಿ ಹೇಳಿಕೊಂಡಾಗ ಪದ ಸುಲಭವಾಗಿ ಬಿಡಿಸಿಕೊಳ್ಳೋದು. ಅಲ್ಲಿ ಬರಹವೂ ಒಂಥರಾ ಧ್ವನಿಯ ಸೇವೆಗೇ ಇತ್ತು.

ಅಚ್ಚು ಬಂದಮೇಲೆ ಇದು ಬದಲಾಯ್ತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದ, ಕಲ್ಲಚ್ಚಿನಲ್ಲಿ. 1899ರಲ್ಲಿ ಅದೇ ಮಂಗಳೂರಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಅಂತ ಅದನ್ನು ಗುರುತಿಸ್ತಾರೆ. ಈಗ ಛಂದಸ್ಸಿಲ್ಲ, ಪ್ರಾಸವಿಲ್ಲ, ಗೊತ್ತಿರೋ ಕಥೆಯೂ ಅಲ್ಲ. ಕಿವಿಗೆ ಇದ್ದ ಆಸರೆಗಳೆಲ್ಲ ಒಂದೊಂದಾಗಿ ಹೋದವು. ಅವುಗಳ ಬದಲಿಗೆ ಓದುಗನಿಗೆ ಸಿಕ್ಕಿದ್ದು ಒಂದೇ: ಪುಟ ಹಿಂದಕ್ಕೆ ತಿರುವಿ ನೋಡೋ ಅನುಕೂಲ.

ಆ ಒಂದು ಅನುಕೂಲ ಎಷ್ಟು ದೊಡ್ಡದು ಅಂತ ಬರಹಗಾರರು ಬೇಗ ಕಂಡುಕೊಂಡರು. ಚಾರ್ಲ್ಸ್ ಡಿಕನ್ಸ್‌ನನ್ನೇ ನೋಡಿ. ‘ಎ ಕ್ರಿಸ್ಮಸ್ ಕ್ಯಾರಲ್’ ಅಚ್ಚಾಗಿದ್ದೂ 1843ರಲ್ಲೇ. ಹತ್ತು ವರ್ಷ ಬಿಟ್ಟು ಬರ್ಮಿಂಗ್‌ಹ್ಯಾಮ್‌ನಲ್ಲಿ ಅದನ್ನು ಜನರ ಮುಂದೆ ಓದಿದಾಗ ಸುಮಾರು ಮೂರು ಗಂಟೆ ಹಿಡೀತು. ಆಮೇಲೆ ಅವನು ತನ್ನ ಪ್ರತಿಯಲ್ಲೇ ಗೀಟು ಹಾಕ್ತಾ, ವರ್ಣನೆಗಳನ್ನು ಕತ್ತರಿಸ್ತಾ ಬಂದ. ಆ ಗೀಟು ಹಾಕಿದ ಪ್ರತಿ ಇವತ್ತಿಗೂ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿದೆ. ಬರೆದವನೇ ಓದಿದರೂ ಕಣ್ಣಿಗೆ ಬರೆದದ್ದು ಹಾಗೇ ಕಿವಿಗೆ ಆಗಿಬರಲಿಲ್ಲ.

ಇನ್ನೊಂದು ತುದಿಯಲ್ಲಿ ಅಮೆರಿಕದ ವಿಲಿಯಂ ಫಾಕ್ನರ್. 1929ರ ‘ದಿ ಸೌಂಡ್ ಅಂಡ್ ದಿ ಫ್ಯೂರಿ’ಯ ಮೊದಲ ಭಾಗವನ್ನು ಹೇಳೋನು ಬೆಂಜಿ, ವಯಸ್ಸು 33, ಬುದ್ಧಿ ಮಗುವಿನದು. ಅವನಿಗೆ ನಿನ್ನೆ, ಇವತ್ತು, ಇಪ್ಪತ್ತು ವರ್ಷದ ಹಿಂದೆ ಎಲ್ಲ ಒಂದೇ. ಕಾಲ ಜಿಗಿಯೋದನ್ನು ಫಾಕ್ನರ್ ಓರೆ ಅಕ್ಷರಗಳಲ್ಲಿ ಸೂಚಿಸಿದ. ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಅಚ್ಚು ಹಾಕಿಸೋ ಆಸೆ ಅವನಿಗಿತ್ತು, ಆಗ ಆಗಲಿಲ್ಲ. 2012ರಲ್ಲಿ ಲಂಡನ್ನಿನ ಫೋಲಿಯೋ ಸೊಸೈಟಿ 14 ಬಣ್ಣಗಳಲ್ಲಿ ಅದನ್ನು ಅಚ್ಚು ಹಾಕಿತು. ಅದೇ ಕಾದಂಬರಿಯಲ್ಲಿ ಕ್ವೆಂಟಿನ್ ಅನ್ನೋ ಹೆಸರು ಇಬ್ಬರಿಗಿದೆ, ಒಬ್ಬ ಸೋದರಮಾವ, ಒಬ್ಬಳು ಸೊಸೆ. ಓದುಗ ತಬ್ಬಿಬ್ಬಾಗಿ ಹಿಂದೆ ಹೋಗಿ ನೋಡಲಿ ಅಂತಲೇ ಕಟ್ಟಿದ ಹಾಗಿದೆ. ಓರೆ ಅಕ್ಷರವನ್ನು ಬಾಯಲ್ಲಿ ಹೇಗೆ ಓದ್ತೀರಿ?

ಈಗ ಕುವೆಂಪು. ‘ಮಲೆಗಳಲ್ಲಿ ಮದುಮಗಳು’ಗೆ ಒಬ್ಬ ನಾಯಕ ಇಲ್ಲ. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ, ಹೀಗೆ ಎಷ್ಟೋ ಎಳೆಗಳು. ಸಿಂಬಾವಿ, ಹೂವಳ್ಳಿ, ಕೋಣೂರು, ಬೆಟ್ಟಳ್ಳಿ, ಹಳೆಮನೆ ಅಂತ ಊರುಗಳು. ಒಂದು ಎಳೆ ಬಿಟ್ಟು ಎಷ್ಟೋ ಪುಟ ಆದಮೇಲೆ ಮತ್ತೆ ಅದೇ ಎಳೆ. ಕಾಡಲ್ಲಿ ನಡೆದ ಹಾಗೆ ದಾರಿ ಕವಲೊಡೆಯುತ್ತೆ, ಮತ್ತೆಲ್ಲೋ ಸೇರುತ್ತೆ. ಪುಸ್ತಕ ಕೈಲಿದ್ದರೆ ‘ಈ ಹೆಸರು ಎಡಗಡೆ ಪುಟದ ಕೆಳಗಿತ್ತಲ್ಲ’ ಅಂತ ಬೆರಳೇ ಹುಡುಕುತ್ತೆ. ಫೋನಲ್ಲಿ ಮೂವತ್ತು ಸೆಕೆಂಡ್ ಹಿಂದಕ್ಕೆ ಹೋಗೋ ಬಟನ್ ಆ ಕೆಲಸ ಮಾಡಲ್ಲ. ಒಂದು ಕ್ಯಾಸೆಟ್, ಇನ್ನೊಂದು ಹಾರ್ಡ್ ಡಿಸ್ಕ್. ಕ್ಯಾಸೆಟ್ ಕೆಟ್ಟದ್ದು ಅಂತಲ್ಲ. ಅದಕ್ಕೆ ಹೊಂದೋ ಹಾಗೆ ಬರೆದದ್ದು ಅದರಲ್ಲಿ ಚೆನ್ನಾಗಿರುತ್ತೆ, ಅಷ್ಟೇ.

ಆಡುಮಾತಿನ ಕಥೆಗಳು ಎಷ್ಟೋ ಸಲ ಕಿವಿಯಲ್ಲೇ ಚೆನ್ನ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಕಣ್ಣಲ್ಲಿ ಓದುವಾಗ ನಾನು ಎಡವಿದೆ. ಮೈಸೂರು ಕಡೆಯ ಗೆಳೆಯ ಜೋರಾಗಿ ಓದಿದಾಗ ಪದಗಳೆಲ್ಲ ತಾವೇ ಬಿಡಿಸಿಕೊಂಡವು.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮಂಥವರ ಮನೆಯಲ್ಲಿ ಇದು ಬರೀ ಇಷ್ಟಾನಿಷ್ಟದ ಪ್ರಶ್ನೆ ಅಲ್ಲ. ನನ್ನ ಎಂಟು ವರ್ಷದ ಮಗಳು ದೇವನಾಗರಿ ಓದ್ತಾಳೆ, ಇಂಗ್ಲಿಷ್ ಓದ್ತಾಳೆ. ಕನ್ನಡ ಮಾತ್ರ ಕಿವಿಯಲ್ಲಿದೆ, ಕಣ್ಣಲ್ಲಿಲ್ಲ. ‘ಆಡಿಯೋಬುಕ್ ಇದೆಯಲ್ಲ, ಅಕ್ಷರ ಯಾಕೆ ಕಲಿಸಬೇಕು’ ಅಂತ ನಾನೂ ಅಂದುಕೊಂಡಿದ್ದವನೇ. ಆದರೆ ಕಿವಿಯಷ್ಟೇ ಉಳಿದರೆ ಅವಳಿಗೆ ಸಿಗೋದು ಕಿವಿಗೆ ಹೊಂದೋ ಸಾಹಿತ್ಯ ಮಾತ್ರ. ಅಚ್ಚಿನ ಕಾಲದಲ್ಲಿ ಹುಟ್ಟಿ, ಪುಟವನ್ನೇ ನಂಬಿ ನಿಂತ ಎಷ್ಟೋ ಕೃತಿಗಳ ಬಾಗಿಲು ಅವಳಿಗೆ ಅರ್ಧವೇ ತೆರೆಯುತ್ತೆ.

ಅಪ್ಪನ ಓದು ಏನಾಯ್ತು ಅಂತ ಕೇಳಿದಿರಲ್ಲ. ದಾರಿ ಹುಡುಕಿದ್ದು ಅಮ್ಮ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಊರಿಗೊಂದು ಮನೆ ಬರೆದು, ಒಳಗೆ ಯಾರ್ಯಾರು ಅಂತ ಹೆಸರು ತುಂಬಿಸಿದರು. ಈಗ ಅಪ್ಪ ‘ಯಾರೇ ಅವನು?’ ಅಂದರೆ ನಾನು ಓದೋದು ನಿಲ್ಲಿಸ್ತೀನಿ, ಅಮ್ಮ ಕ್ಯಾಲೆಂಡರ್ ನೋಡಿ ಹೇಳ್ತಾರೆ. ವಾಚನ ನಂದು, ವ್ಯಾಖ್ಯಾನ ಅಮ್ಮನದು. ನಿಧಾನ, ಆದರೆ ಅರ್ಧ ದಾಟಿದ್ದೀವಿ. ‘ವಯಸ್ಸಾಯ್ತು’ ಅನ್ನೋ ಮಾತು ಅಪ್ಪನ ಬಾಯಲ್ಲಿ ಆಮೇಲೆ ಬಂದಿಲ್ಲ.

ಮಗಳು ಪಕ್ಕದಲ್ಲಿ ಕೂತು ಗುತ್ತಿಯ ನಾಯಿ ಹುಲಿಯನಿಗೋಸ್ಕರ ಕೇಳ್ತಾಳೆ. ಮೊನ್ನೆಯಿಂದ ಅವಳಿಗೆ ಅಕ್ಷರ ಶುರು ಮಾಡಿದ್ದೀವಿ. ಮೊದಲ ಪದ ಅವಳೇ ಆರಿಸಿದ್ದು: ಹುಲಿಯ.

ಮುಂದಿನ ವಾರ ಸಿಗೋಣ.