ಬೆಟ್ಟದ ಹೆಸರು ಹೊತ್ತ ಹೊರಗಿನ ಮರ: ನೀಲಗಿರಿಯ ತೋಟಗಾರಿಕೆ ಮತ್ತು ಸೋಲೆ ಕಾವಲು

ಗಡಿಯಾಚೆಯ ಕನ್ನಡ ಅಂದರೆ ನಾವು ಸಾಮಾನ್ಯವಾಗಿ ಶಾಸನ, ಶಾಲೆ, ಪತ್ರಿಕೆಗಳ ಕಡೆಗೆ ಹೋಗುತ್ತೇವೆ. ನಾನು ಇವತ್ತು ಒಂದು ಮರದಿಂದ ಶುರುಮಾಡುತ್ತೇನೆ. ಕರ್ನಾಟಕದಲ್ಲಿ ಯೂಕಲಿಪ್ಟಸ್‌ಗೆ ನಾವು ಹೇಳೋದು ‘ನೀಲಗಿರಿ’ ಅಂತ. ಆಸ್ಟ್ರೇಲಿಯಾದ ಮರ ಬೆಟ್ಟದ ಹೆಸರನ್ನೇ ತೊಟ್ಟುಕೊಂಡು ಕೂತಿದೆ. ಆದರೆ ಬೆಟ್ಟದ ಮೇಲೆ ಅದು ಕರ್ಪೂರ ಮರ. ಅಲ್ಲಿ ನೀಲಗಿರಿ ಅಂದರೆ ಊರು, ಹಟ್ಟಿ, ಹುಲ್ಲು, ಸೋಲೆ.

ಬಡಗ ನುಡಿ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ದೊಡ್ಡಬೆಟ್ಟ ಅನ್ನುವ ಹೆಸರು ಕೇಳಿದರೆ ನಮಗೆ ಅರ್ಥ ಹೇಳಿಕೊಡಬೇಕಾಗಿಲ್ಲ, ಇವತ್ತಿಗೆ ಅಷ್ಟು ಸಾಕು.

ಈಗ ತೋಟದ ವಿಷಯ. ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದ ಮೇಲೆ ಯುರೋಪಿಯನ್ನರ ವಸತಿ ಬೆಳೆಯಿತು. 1840ರ ದಶಕದಲ್ಲಿ ಅಲ್ಲಿನ ಯುರೋಪಿಯನ್ ನಿವಾಸಿಗಳು ತಿಂಗಳ ಚಂದಾ ಹಾಕಿ, ಸುಲಭ ಬೆಲೆಗೆ ತರಕಾರಿ ಸಿಗಲಿ ಎಂದು ತೋಟ ಮಾಡಿಕೊಂಡರು. ಅಂದರೆ ಊಟಿಯ ಸಸ್ಯೋದ್ಯಾನದ ಬೇರು ವಿಜ್ಞಾನದಲ್ಲಲ್ಲ, ಅಡುಗೆಮನೆಯಲ್ಲಿದೆ! 1848ರಲ್ಲಿ ಕ್ಯೂ ಉದ್ಯಾನದಲ್ಲಿ ಪಳಗಿದ ಡಬ್ಲ್ಯು. ಜಿ. ಮ್ಯಾಕ್‌ಐವರ್ ಬಂದು ಅದಕ್ಕೆ ಇಂದಿನ ರೂಪ ಕೊಟ್ಟ. 1896ರಿಂದ ಹೂವಿನ ಪ್ರದರ್ಶನ ನಡೆಯುತ್ತಿದೆ. ಇವೆಲ್ಲ ದಾಖಲೆಗಳಲ್ಲಿ ಚೆನ್ನಾಗಿ ಸಿಗುತ್ತವೆ. ಅಗೆದವರು, ನೀರು ಹೊತ್ತವರು ಅಷ್ಟಾಗಿ ಸಿಗುವುದಿಲ್ಲ. ಉದ್ಯಾನದ ಮೇಲ್ತುದಿಯಲ್ಲೇ ತೋಡರ ಮಂದ್ ಇದೆ, ಪ್ರವಾಸಿಗರು ಅದನ್ನೂ ತೋಟದ ಒಂದು ಆಕರ್ಷಣೆ ಅನ್ನುವಂತೆ ನೋಡಿ ಬರುತ್ತಾರೆ.

ಬಡಗರು ಈ ತೋಟಗಾರಿಕೆಯನ್ನು ಬೇಗ ತಮ್ಮದಾಗಿಸಿಕೊಂಡರು. ಸಾಮೆ, ರಾಗಿಯ ಹೊಲಕ್ಕೆ ಆಲೂಗಡ್ಡೆ ಬಂತು, ಕೈಗೆ ಕಾಸು ಬಂತು. ಅದರ ಬೆನ್ನಿಗೆ ಕಾಟವೂ ಬಂತು: ಆಲೂಗಡ್ಡೆಯ ಬೇರಿನ ಜಂತು ಭಾರತದಲ್ಲಿ ಮೊದಲು ಪತ್ತೆಯಾದದ್ದು 1961ರಲ್ಲಿ, ಇದೇ ನೀಲಗಿರಿಯಲ್ಲಿ.

ಮರಗಳ ಕಥೆ ಇನ್ನೂ ಸಿಕ್ಕಲಿನದು. ಊಟಿ ಬೆಳೆದಂತೆ ಸೌದೆಗಾಗಿ ಸೋಲೆ ಕಾಡು ಬೋಳಾಗತೊಡಗಿತು. ಅದಕ್ಕೆ ಪರಿಹಾರವಾಗಿಯೇ ಬೇಗ ಬೆಳೆಯುವ ಕರ್ಪೂರ ಮರ, ವಾಟಲ್ ಜಾಲಿಗಳನ್ನು ಹುಲ್ಲುಗಾವಲಿನಲ್ಲಿ ನೆಟ್ಟರು. ನೋಡಿ, ಅದೂ ಆ ಕಾಲದ ಸಂರಕ್ಷಣೆಯೇ. ನೆಟ್ಟವರನ್ನು ಬರೀ ಖಳರನ್ನಾಗಿ ಮಾಡುವ ಬರವಣಿಗೆ ನನಗೆ ಒಪ್ಪಿಗೆಯಿಲ್ಲ. ಅವರ ಕಣ್ಣಿಗೆ ಹುಲ್ಲು ಬರಿ ಬಂಜರಾಗಿ ಕಂಡಿತು, ತಪ್ಪಾದದ್ದು ಅಲ್ಲಿ. ತೋಡರಿಗೆ ಅದು ಎಮ್ಮೆಯ ಮೇವು, ಕೆಳಗಿನ ಹಟ್ಟಿಗಳಿಗೆ ನೀರಿನ ತೊಟ್ಟಿ. ಸ್ವಾತಂತ್ರ್ಯದ ನಂತರ ಚರ್ಮ ಹದಮಾಡುವ ಟ್ಯಾನಿನ್‌ಗೆ, ಕೃತಕ ನೂಲಿಗೆ ಅಂತ ಈ ನೆಡುತೋಪುಗಳು ಇನ್ನಷ್ಟು ಹಬ್ಬಿದವು. ಊಟಿಯ ಮಣ್ಣು-ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದವರು ಗ್ಲೆನ್‌ಮಾರ್ಗನ್‌ನಲ್ಲಿ ಎರಡು ಜಲಾನಯನಗಳನ್ನು ಹೋಲಿಸಿ ಅಳೆದಿದ್ದಾರೆ. ಹುಲ್ಲಿದ್ದ ಕಡೆ ಕರ್ಪೂರ ಮರ ನೆಟ್ಟಾಗ ಮೊದಲ ಹತ್ತು ವರ್ಷದಲ್ಲಿ ಹೊಳೆಗೆ ಹರಿದು ಬರುವ ನೀರು ಸರಾಸರಿ ಶೇ. 16ರಷ್ಟು ಕಡಿಮೆಯಾಯಿತು. ಹೂವಿನ ಪ್ರದರ್ಶನದ ಬಹುಮಾನ ಪಟ್ಟಿಯಲ್ಲಿ ಈ ಲೆಕ್ಕ ಬರುವುದಿಲ್ಲ, ಅಲ್ವಾ?

ಹಾಗಾಗಿ ತೋಟದ ಸಂಘಗಳ ಸೇವೆಯನ್ನು ಹೂವಿನ ಕಡೆಯಿಂದಲ್ಲ, ನೀರಿನ ಕಡೆಯಿಂದ ಓದಬೇಕು ಅಂತ ನನ್ನ ವಾದ. ಕೋಟಗಿರಿಯ ಲಾಂಗ್‌ವುಡ್ ಸೋಲೆ ಇದಕ್ಕೆ ಒಳ್ಳೆಯ ಉದಾಹರಣೆ. (ಕೋಟಗಿರಿ ಅನ್ನೋದು ‘ಕೋಟರ ಕೇರಿ’ಯಿಂದ ಬಂದದ್ದು, ಅದರಲ್ಲಿ ಗಿರಿ ಇಲ್ಲ.) ಪೇಟೆಯ ಪಕ್ಕದಲ್ಲೇ ಉಳಿದ ಸುಮಾರು 116 ಹೆಕ್ಟೇರ್ ಕಾಡು ಇದು, ಸುತ್ತಲಿನ ಹದಿನೆಂಟು ಹಳ್ಳಿಗಳಿಗೆ ಕುಡಿಯುವ ನೀರು ಕೊಡುತ್ತದೆ. ಅಲ್ಲಿಯ ಕಾವಲು ಸಮಿತಿಯಲ್ಲಿರುವವರು ಸ್ಥಳೀಯರೇ. ಅರಣ್ಯ ಇಲಾಖೆಯ ಜೊತೆ ನಿಂತು ಹೊರಗಿನ ಗಿಡ ಕೀಳುತ್ತಾರೆ, ಸೋಲೆಯ ಸಸಿ ನೆಡುತ್ತಾರೆ, ಶಾಲೆಯ ಮಕ್ಕಳನ್ನು ಕಾಡೊಳಗೆ ಕರೆದೊಯ್ಯುತ್ತಾರೆ. ಹಿಂದಿನವರು ತಂದು ನೆಟ್ಟರು, ಇವರ ಕೆಲಸದಲ್ಲಿ ಅರ್ಧ ಕೀಳುವುದೇ.

ಕೀಳುವುದು ಸುಲಭವೂ ಅಲ್ಲ. ವಾಟಲ್ ಕಡಿದರೆ ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ, ಬಿಸಿಲು ಬಿದ್ದ ಕೂಡಲೇ ಸಾಲುಗಟ್ಟಿ ಮೊಳೆಯುತ್ತದೆ. ಕರ್ಪೂರ ಮರ ಬುಡದಿಂದಲೇ ಚಿಗುರುತ್ತದೆ. ಕಡಿದ ಜಾಗದಲ್ಲಿ ಮತ್ತೆ ಹುಲ್ಲು ಬರಬೇಕೋ, ಸೋಲೆ ಸಸಿ ನೆಡಬೇಕೋ ಅಂತ ನೆಲ ನೋಡಿ ತೀರ್ಮಾನಿಸಬೇಕು. ಹುಲ್ಲಿದ್ದ ಕಡೆ ಸೋಲೆ ನೆಟ್ಟರೆ ಹಳೆಯ ತಪ್ಪೇ ದೇಶಿ ಬೀಜದಲ್ಲಿ ಮರಳುತ್ತದೆ. ಒಲೆಗೆ ಸೌದೆ ಬೇಕಾದ ಹಟ್ಟಿಯ ಹೆಂಗಸರಿಗೆ ಇದೇ ವಾಟಲ್ ಆಧಾರ ಕೂಡ. ಯಾವ ಬಯಲು ಹುಲ್ಲಾಗಿತ್ತು, ಯಾವ ಕಣಿವೆ ಸೋಲೆಯಾಗಿತ್ತು ಅನ್ನೋದಕ್ಕೆ ಹಳೆಯ ನಕ್ಷೆ ಒಂದು ಸಾಕ್ಷಿ. ಹಟ್ಟಿಯ ಹಿರಿಯರ ಬಾಯಲ್ಲಿರುವ ಹೊಲ, ಹಳ್ಳ, ಬೆಟ್ಟಗಳ ಹೆಸರು ಇನ್ನೊಂದು. ನಕ್ಷೆಗಳು ಕಚೇರಿಗಳಲ್ಲಿವೆ. ಆ ಹೆಸರುಗಳನ್ನು ಕನ್ನಡ ಬಲ್ಲ ನಾವು ಹೋಗಿ ಕೇಳಿ ಬರೆದುಕೊಳ್ಳಬಹುದು. ಪ್ರಶ್ನೆಗಳಿದ್ದರೆ ಕೇಳಿ.