ಕಬ್ಬಾಲವೂ ಕಾಷಾಯವೂ

ಒಂದು ಮತದ ರಹಸ್ಯವಿದ್ಯೆಯು ಮತ್ತೊಂದು ಮತದ ಶ್ರದ್ಧೆಯೊಡನೆ ವಿರೋಧವಿಲ್ಲದೆ ಬಾಳಬಲ್ಲುದೇ ಎಂಬ ಪ್ರಶ್ನೆಯು ನಮ್ಮ ದೇಶಕ್ಕೆ ಹೊಸದಲ್ಲ. ಅದಕ್ಕೆ ಒಂದು ಪೀಠದಿಂದ ತೀರ್ಪನ್ನು ಬೇಡುವ ಪದ್ಧತಿಯು ಹೊಸದು. ಬಳ್ಳಾರಿಗೆ ಸಮೀಪದ ಕೊಳಗಲ್ಲಿನಲ್ಲಿ ಶಕವರ್ಷ ೮೮೯ಕ್ಕೆ, ಎಂದರೆ ಕ್ರಿ. ಶ. ೯೬೭ಕ್ಕೆ, ಸೇರಿದ ಶಿಲಾಶಾಸನವೊಂದುಂಟು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಕಾಲವಾಗಿ ಖೊಟ್ಟಿಗನು ಪಟ್ಟಕ್ಕೆ ಬಂದುದನ್ನು ತಿಳಿಸುವುದರಿಂದ ಅದು ಚರಿತ್ರಕಾರರಿಗೆ ಪರಿಚಿತವಾಗಿದೆ. ಅದರಲ್ಲಿಯೇ ಗೌಡದೇಶದ ವರೇಂದ್ರಿಯಿಂದ ಬಂದ ಗದಾಧರನೆಂಬವನು ಈ ಸೀಮೆಯಲ್ಲಿ ಕಾರ್ತಿಕೇಯನನ್ನೂ ಅವನೊಡನೆ ಬೇರೆ ದೇವತೆಗಳನ್ನೂ ಪ್ರತಿಷ್ಠೆಮಾಡಿದ ಸಂಗತಿಯು ಬರುತ್ತದೆ. ವಂಗದೇಶದವನ ಉಪಾಸನೆಯು ಕನ್ನಡದ ನೆಲಕ್ಕೆ ಸಲ್ಲುವುದೇ ಎಂದು ಅಪ್ಪಣೆ ಕೇಳಬೇಕಾದ ಪೀಠವಾವುದೂ ಆಗ ಇರಲಿಲ್ಲ. ಹಾಗೆಂದು ಮತಕಲಹವೇ ಇರಲಿಲ್ಲವೆಂದಲ್ಲ. ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ಪಣದ ಕಥೆಯನ್ನು ಓದಿದವರು ಅಂತಹ ಮಾತನ್ನು ಆಡಲಾರರು. ಕಲಹವಿತ್ತು, ವಾದವಿತ್ತು, ಎಲ್ಲರಿಗೂ ಕಡೆಯ ಮಾತನ್ನು ಹೇಳುವ ಒಂದೇ ಗದ್ದುಗೆಯಿರಲಿಲ್ಲ.

ರೋಮಾಪುರಿಯ ಕಥೋಲಿಕ ಪೀಠವಾದರೋ ಅಂತಹ ಗದ್ದುಗೆ. ಅದರ ಮುಂದೆ ಈ ಪ್ರಶ್ನೆಯು ಎರಡು ವೇಷಗಳಲ್ಲಿ ಬಂದು ನಿಂತಿತು. ಒಮ್ಮೆ ಯಹೂದ್ಯರ ಕಬ್ಬಾಲವೆಂಬ ರಹಸ್ಯವಿದ್ಯೆಯಾಗಿ. ಮತ್ತೊಮ್ಮೆ, ತಮಿಳು ಕನ್ನಡ ನಾಡುಗಳಿಂದ, ಸಂನ್ಯಾಸಿಯ ಕಾಷಾಯವಾಗಿ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದರಿಂದ ಇನ್ನೊಂದು ತಿಳಿಯಾಗುತ್ತದೆ.

ಕಬ್ಬಾಲವೆಂದರೆ ಹೀಬ್ರೂ ಭಾಷೆಯಲ್ಲಿ ‘ಸ್ವೀಕರಿಸಿದುದು’ ಎಂದು ಅರ್ಥ. ನಮ್ಮ ‘ಸಂಪ್ರದಾಯ’ ಶಬ್ದವು ಕೊಡುವವನ ಕಡೆಯಿಂದ ಹೇಳುವುದನ್ನೇ ಅದು ಪಡೆಯುವವನ ಕಡೆಯಿಂದ ಹೇಳುತ್ತದೆ. ಇದರ ಮುಖ್ಯಗ್ರಂಥವಾದ ಜೋಹರ್ ಎಂಬುದು ಹದಿಮೂರನೆಯ ಶತಮಾನದ ಕೊನೆಯಲ್ಲಿ ಸ್ಪೇನಿನಲ್ಲಿ ಬೆಳಕಿಗೆ ಬಂದಿತು. ಅದನ್ನು ಪ್ರಚುರಪಡಿಸಿದವನು ಮೋಶೆ ದೆ ಲಿಯೋನ್. ಎರಡನೆಯ ಶತಮಾನದ ಶಿಮೋನ್ ಬರ್ ಯೋಹಾಯ್ ಎಂಬ ಆಚಾರ್ಯನ ಹೆಸರಿನಲ್ಲಿ ಗ್ರಂಥವು ನಡೆಯಿತು. ಪುರಾಣಗಳೆಲ್ಲವನ್ನೂ ವ್ಯಾಸರಿಗೆ ಒಪ್ಪಿಸುವ ನಮಗೆ ಇದು ಆಶ್ಚರ್ಯವಲ್ಲ. ಪರತತ್ತ್ವವು ‘ಏನ್ ಸೋಫ್’, ಅಂತವಿಲ್ಲದುದು, ಹೆಸರಿಗೂ ಗುಣಕ್ಕೂ ಸಿಕ್ಕದುದು. ಅದು ಹತ್ತು ಸೆಫಿರೋತ್‌ಗಳ ಮೂಲಕ, ಅಂದರೆ ಹತ್ತು ಪ್ರಭಾವಗಳ ಮೂಲಕ, ತನ್ನನ್ನು ತೋರಿಸಿಕೊಳ್ಳುತ್ತದೆ. ಹೀಬ್ರೂವಿನ ಇಪ್ಪತ್ತೆರಡು ಅಕ್ಷರಗಳು ಸೃಷ್ಟಿಯ ಬೀಜಗಳು. ತಂತ್ರಶಾಸ್ತ್ರದ ಮಾತೃಕೆಗಳನ್ನು ಬಲ್ಲ ವಾಚಕರಿಗೆ ಇಲ್ಲಿ ಹೋಲಿಕೆಯು ಥಟ್ಟನೆ ಹೊಳೆಯುವುದು. ಆದರೆ ಹೋಲಿಕೆಯು ಋಣವಲ್ಲ. ಒಬ್ಬರಿಂದೊಬ್ಬರು ಕದ್ದರೆಂದು ಹೇಳುವ ಚಪಲವನ್ನು ಬಿಡುವುದು ಒಳ್ಳೆಯದು.

ಈ ವಿದ್ಯೆಯು ಪೋಪರ ಬಾಗಿಲಿಗೆ ಮೊದಲು ಬಂದುದು ಒಬ್ಬ ಯಹೂದ್ಯನ ಕಾಲುನಡಿಗೆಯಿಂದಲೇ. ಅಬ್ರಹಾಂ ಅಬೂಲಾಫಿಯಾ ಎಂಬ ಯೋಗಿಯು ೧೨೮೦ರಲ್ಲಿ ಮೂರನೆಯ ನಿಕೊಲಸ್ ಪೋಪರನ್ನು ಕಂಡು ಮಾತನಾಡಬೇಕೆಂದು ಹೊರಟನು. ಬಂದರೆ ಅವನನ್ನು ಸುಡಬೇಕೆಂದು ಆಜ್ಞೆಯಾಗಿದ್ದಿತು. ಅವನು ತಲುಪುವ ಹೊತ್ತಿಗೆ ಪೋಪರೇ ತೀರಿಕೊಂಡಿದ್ದರು. ಕೆಲವು ವಾರಗಳ ಸೆರೆಯ ಅನಂತರ ಅವನಿಗೆ ಬಿಡುಗಡೆಯಾಯಿತು. ಇದೇ ಅಬೂಲಾಫಿಯಾ ತನ್ನ ಮತದವರ ಮೇಲೂ ಒಂದು ಕಟುವಾದ ಮಾತನ್ನು ಎಸೆದನು: ಕ್ರೈಸ್ತರು ದೇವರನ್ನು ಮೂರಾಗಿಸಿದರೆ, ಸೆಫಿರೋತ್‌ವಾದಿಗಳು ಹತ್ತಾಗಿಸಿದರು ಎಂದು. ಕಬ್ಬಾಲಕ್ಕೂ ಕ್ರೈಸ್ತರ ತ್ರಿತ್ವಕ್ಕೂ ಸಂಬಂಧವನ್ನು ಮೊದಲು ಕಂಡವರು ಕ್ರೈಸ್ತರಷ್ಟೇ ಅಲ್ಲ, ಯಹೂದ್ಯರೇ ಅದನ್ನು ದೋಷವಾಗಿ ಕಂಡಿದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು.

ಕ್ರೈಸ್ತರು ಅದನ್ನು ಗುಣವಾಗಿ ಕಂಡುದು ಎರಡು ಶತಮಾನಗಳ ಅನಂತರ. ಇಟಲಿಯ ಪೀಕೋ ದೆಲ್ಲಾ ಮಿರಾಂದೊಲಾ ಎಂಬ ತರುಣ ಪಂಡಿತನು ೧೪೮೬ರಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ೯೦೦ ಪ್ರತಿಜ್ಞಾವಾಕ್ಯಗಳನ್ನು ಪ್ರಕಟಿಸಿ ವಾದಕ್ಕೆ ಬನ್ನಿರೆಂದು ವಿದ್ವಾಂಸರನ್ನು ಕರೆದನು. ಕ್ರಿಸ್ತನ ದೈವತ್ವವನ್ನು ನಿಶ್ಚಯಪಡಿಸಲು ಮಾಂತ್ರಿಕವಿದ್ಯೆಗೂ ಕಬ್ಬಾಲಕ್ಕೂ ಮಿಗಿಲಾದ ಶಾಸ್ತ್ರವಿಲ್ಲವೆಂಬುದು ಅವುಗಳಲ್ಲೊಂದು. ಎಂಟನೆಯ ಇನೊಸೆಂಟ್ ಪೋಪರು ನೇಮಿಸಿದ ಪರಿಷತ್ತು ೧೩ ವಾಕ್ಯಗಳಲ್ಲಿ ದೋಷವನ್ನು ಕಂಡಿತು. ೧೪೮೭ರಲ್ಲಿ ಗ್ರಂಥವೇ ನಿಷಿದ್ಧವಾಯಿತು. ಆರನೆಯ ಅಲೆಗ್ಸಾಂಡರ್ ಪೋಪರು ೧೪೯೩ರಲ್ಲಿ ಪೀಕೋನಿಗೆ ಕ್ಷಮೆಯನ್ನಿತ್ತರು. ಜರ್ಮನಿಯ ಯೋಹಾನ್ ರೊಯ್ಖ್ಲಿನ್ ಪಂಡಿತನು ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದನು. ಯಹೂದ್ಯರು ಉಚ್ಚರಿಸದ ನಾಲ್ಕಕ್ಷರದ ದೇವನಾಮದ ನಡುವೆ ‘ಶಿನ್’ ಎಂಬ ಒಂದಕ್ಷರವನ್ನು ಸೇರಿಸಿದರೆ ಯೇಸುವಿನ ಹೆಸರಾಗುವುದೆಂಬುದು ಅವನ ಯುಕ್ತಿ. ಅವನು ಕಬ್ಬಾಲದ ಮೇಲೆ ಬರೆದ ದೊಡ್ಡ ಗ್ರಂಥವು ೧೫೧೭ರಲ್ಲಿ ಹತ್ತನೆಯ ಲಿಯೋ ಪೋಪರಿಗೇ ಅರ್ಪಿತವಾಯಿತು. ಯಹೂದ್ಯರ ಪುಸ್ತಕಗಳನ್ನು ಕಿತ್ತು ನಾಶಮಾಡಬೇಕೆಂದು, ಮತಾಂತರ ಹೊಂದಿದ್ದ ಫೆಫರ್‌ಕೋರ್ನ್ ಎಂಬವನು ಹಟಹಿಡಿದಾಗ, ೧೫೧೦ರಲ್ಲಿ ಅದು ಕೂಡದೆಂದು ಚಕ್ರವರ್ತಿಗೆ ಅಭಿಪ್ರಾಯ ಬರೆದುಕೊಟ್ಟವನೂ ಈ ರೊಯ್ಖ್ಲಿನನೇ. ಅದಕ್ಕಾಗಿ ಅವನು ಹತ್ತು ವರ್ಷ ವ್ಯಾಜ್ಯವನ್ನು ಅನುಭವಿಸಿದನು. ೧೫೨೦ರಲ್ಲಿ ತೀರ್ಪು ಅವನಿಗೆ ವಿರುದ್ಧವಾಯಿತು.

ರೊಯ್ಖ್ಲಿನನ ಧೈರ್ಯವು ಪ್ರಶಂಸನೀಯವೇ. ಆದರೆ ಈ ಪಂಡಿತರು ಕಬ್ಬಾಲವನ್ನು ಪ್ರೀತಿಸಿದ ರೀತಿಯನ್ನು ಪರಿಶೀಲಿಸಬೇಕು. ಅವರು ಅದನ್ನು ಸಾಕ್ಷಿಯಾಗಿ ಕರೆದರು, ಗುರುವಾಗಿ ಅಲ್ಲ. ಯಹೂದ್ಯರ ಗ್ರಂಥದಿಂದಲೇ ಯಹೂದ್ಯರನ್ನು ಗೆಲ್ಲಬಹುದೆಂಬುದು ಅದರ ಬೆಲೆ. ಆದುದರಿಂದಲೇ ಒಂದು ವಿಚಿತ್ರವು ನಡೆಯಿತು: ೧೫೫೩ರಲ್ಲಿ ರೋಮಿನಲ್ಲಿ ಯಹೂದ್ಯರ ಧರ್ಮಶಾಸ್ತ್ರವಾದ ತಲ್ಮೂದನ್ನು ರಾಶಿಹಾಕಿ ಸುಟ್ಟರು, ಐದಾರು ವರ್ಷಗಳಲ್ಲಿಯೇ ಅದೇ ಇಟಲಿಯ ಮಾಂಟುವಾ, ಕ್ರೆಮೋನಾ ಪಟ್ಟಣಗಳಲ್ಲಿ ಜೋಹರ್ ಅಚ್ಚಾಯಿತು. ಒಂದೇ ಜನರ ಸ್ಮೃತಿಯು ಬೆಂಕಿಗೆ, ರಹಸ್ಯವು ಅಚ್ಚಿನ ಮನೆಗೆ. ಜೋಹರನ್ನು ಬರೆದ ಸ್ಪೇನಿನಿಂದ ಯಹೂದ್ಯರನ್ನು ೧೪೯೨ರಲ್ಲಿಯೇ ಹೊರಗಟ್ಟಿಯಾಗಿತ್ತು.

ಇನ್ನು ಕಾಷಾಯದ ಕಥೆ. ಇಟಲಿಯವರೇ ಆದ ರೊಬೆರ್ತೋ ದೆ ನೊಬಿಲಿ ಎಂಬ ಯೇಸುಸಭೆಯ ಪಾದ್ರಿಗಳು ೧೬೦೬ರಲ್ಲಿ ಮಧುರೆಗೆ ಬಂದು ಸಂನ್ಯಾಸಿವೇಷವನ್ನು ಧರಿಸಿದರು, ಮಾಂಸವನ್ನು ತ್ಯಜಿಸಿದರು, ಬ್ರಾಹ್ಮಣ ಪಂಡಿತರಿಂದ ಸಂಸ್ಕೃತವನ್ನು ಕಲಿತರು. ಅದೇ ಮಾರ್ಗವನ್ನು ಕನ್ನಡನಾಡಿಗೆ ತಂದವರು ಲೆಯೊನಾರ್ದೋ ಚಿನ್ನಮಿ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ೧೬೪೮ರ ಸುಮಾರಿಗೆ, ಅವರು ಶ್ರೀರಂಗಪಟ್ಟಣವನ್ನು ಸೇರಿ ಮೈಸೂರು ಸೀಮೆಯ ಮಿಶನ್ನಿಗೆ ಅಡಿಪಾಯ ಹಾಕಿದರು. ಕನ್ನಡಕ್ಕೆ ವ್ಯಾಕರಣವನ್ನೂ ಶಬ್ದಕೋಶವನ್ನೂ ಬರೆದರೆಂದು ಅವರ ಸಭೆಯ ಚರಿತ್ರೆಯು ಹೇಳುತ್ತದೆ. ಕಾವಿಯನ್ನುಟ್ಟ ಈ ಪರದೇಶಿಯನ್ನು ಜನರು ಸ್ವಾಮಿಗಳೆಂದೇ ಭಾವಿಸಿದರೆ ತಪ್ಪೇನು?

ತಪ್ಪನ್ನು ಕಂಡವರು ಅವರ ಸಹಪಾದ್ರಿಗಳು. ಯಜ್ಞೋಪವೀತ, ಶಿಖೆ, ಗಂಧ, ಸ್ನಾನ ಇವು ಅನ್ಯಮತದ ಚಿಹ್ನೆಗಳಲ್ಲವೇ ಎಂದು ಅವರು ದೂರಿದರು. ಇವೆಲ್ಲ ಕುಲಮರ್ಯಾದೆಯ ಲೌಕಿಕ ಚಿಹ್ನೆಗಳು, ಪೂಜಾಂಗಗಳಲ್ಲ ಎಂಬುದು ನೊಬಿಲಿಗಳ ಉತ್ತರ. ಹದಿನೈದನೆಯ ಗ್ರೆಗರಿ ಪೋಪರು ೧೬೨೩ರ ಜನವರಿ ೩೧ರಂದು ಈ ವಾದವನ್ನು ಒಪ್ಪಿ, ಕೆಲವು ನಿಬಂಧನೆಗಳೊಡನೆ ಅನುಮತಿಯಿತ್ತರು. ಜೊತೆಗೆ ಕುಲೀನರು ಕೀಳಾದವರನ್ನು ತಿರಸ್ಕರಿಸಬಾರದೆಂದೂ ಬುದ್ಧಿ ಹೇಳಿದರು. ಸಂಸ್ಕೃತವನ್ನು ಓದಿದವನಿಗೆ ಇಲ್ಲಿ ನಗೆ ಬಾರದಿರದು. ಗಾಯತ್ರಿಯ ಉಪದೇಶದೊಡನೆ ಬರುವ ಉಪವೀತವನ್ನು ಲೌಕಿಕವೆನ್ನುವುದು, ತಾಳಿಯನ್ನು ಬರಿಯ ಒಡವೆಯೆಂದಂತೆ. ಸಾಕ್ಷಿಯೆಂದು ಕರೆದು ಕಬ್ಬಾಲವನ್ನು ಒಳಗೆ ಬಿಟ್ಟರು. ಲೌಕಿಕವೆಂದು ಕರೆದು ಕಾಷಾಯವನ್ನು ಒಳಗೆ ಬಿಟ್ಟರು. ಎರಡರಲ್ಲಿಯೂ ಒಳಗೆ ಹೋದುದು ಹೊದಿಕೆ. ಜೀವವು ಹೊಸ್ತಿಲಾಚೆಯೇ ಉಳಿಯಿತು.

ಪೋಪರು ಹೇಳಿದ ಬುದ್ಧಿಯ ಮಾತು ಏನಾಯಿತೆಂಬುದೇ ಈ ಚರಿತ್ರೆಯಲ್ಲಿ ಹೆಚ್ಚು ನೋಯಿಸುವ ಭಾಗ. ಬ್ರಾಹ್ಮಣಸಂನ್ಯಾಸಿಯಂತೆ ಬಾಳಬೇಕಾದ ಪಾದ್ರಿಯು ಹೊಲಗೇರಿಯನ್ನು ಹೊಗುವಂತಿರಲಿಲ್ಲ. ಕ್ರೈಸ್ತನಾದ ಹೊಲೆಯನು ಸಾಯುತ್ತಿದ್ದರೂ ಅವನ ಗುಡಿಸಲೊಳಗೆ ಹೋಗಿ ಕಡೆಯ ಸಂಸ್ಕಾರವನ್ನು ಕೊಡುವುದು ಕಷ್ಟವಾಯಿತು. ಪೋಪರ ಪ್ರತಿನಿಧಿಯಾದ ತೂರ್ನೋ ಅವರು ೧೭೦೪ರಲ್ಲಿ ಪುದುಚ್ಚೇರಿಯಲ್ಲಿ ಹೊರಡಿಸಿದ ನಿಷೇಧಾಜ್ಞೆಯಲ್ಲಿ, ರೋಗಿಯು ಯಾವ ಜಾತಿಯವನಾದರೂ ಅವನ ಮನೆಗೇ ಹೋಗಬೇಕೆಂಬ ವಿಧಿಯೂ ಇತ್ತು. ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ೧೭೪೪ರಲ್ಲಿ ಇದನ್ನು ಸ್ಥಿರಪಡಿಸಿ, ಪಾದ್ರಿಗಳೆಲ್ಲರೂ ಪ್ರಮಾಣಮಾಡಬೇಕೆಂದು ವಿಧಿಸಿದರು. ಆ ಪ್ರಮಾಣವು ೧೯೪೦ರವರೆಗೂ ನಡೆದುಬಂದಿತು. ರೋಮಿನ ನಿಷೇಧವನ್ನು ಸಂಕುಚಿತಬುದ್ಧಿಯೆಂದು ಹಳಿಯುವವರು ಈ ಗುಡಿಸಲಿನ ವಿಧಿಯನ್ನು ಮರೆಯಬಾರದು. ಮೈಸೂರು ಸೀಮೆಯಲ್ಲಿ ದೊಡ್ಡಸ್ವಾಮಿಗಳೆಂದು ಹೆಸರಾದ ಫ್ರೆಂಚ್ ಪಾದ್ರಿ ದ್ಯೂಬುವಾ ಅವರು ಈ ದೇಶದವರಂತೆಯೇ ಉಟ್ಟು ಉಂಡು ಮೂವತ್ತು ವರ್ಷ ಬಾಳಿ, ೧೮೨೩ರಲ್ಲಿ ಹಿಂದಿರುಗುವಾಗ ತಮ್ಮ ಮತವು ಇಲ್ಲಿ ಬೇರೂರುವ ಆಸೆಯನ್ನೇ ಬಿಟ್ಟಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಬಾಗಿಲು ಬೇರೆ ರೀತಿಯಲ್ಲಿ ತೆರೆಯಿತು. ೧೯೬೫ರ ಅಕ್ಟೋಬರ್ ೨೮ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು, ಅನ್ಯಮತಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಸಭೆಯು ನಿರಾಕರಿಸುವುದಿಲ್ಲವೆಂದು ಸಾರಿತು; ಯಹೂದ್ಯರ ಮೇಲಿನ ಹಳೆಯ ದೂಷಣೆಯನ್ನೂ ಕೈಬಿಟ್ಟಿತು. ೧೯೬೭ರಲ್ಲಿ ಬೆಂಗಳೂರಿನಲ್ಲಿ ಅಮಲೋರ್‌ಪವದಾಸರ ನೇತೃತ್ವದಲ್ಲಿ ಕಥೋಲಿಕರ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪಿತವಾಯಿತು. ೧೯೬೯ರಲ್ಲಿ ಆರತಿ, ಅಂಜಲಿ, ನೆಲದ ಮೇಲಿನ ಆಸನ, ಎಣ್ಣೆಯ ದೀಪ ಮುಂತಾದ ೧೨ ಅಂಶಗಳಿಗೆ ರೋಮಿನ ಒಪ್ಪಿಗೆ ದೊರೆಯಿತು. ಆ ಮಹನೀಯರೇ ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿದರು.

ಹೊರಗಿನದು ಇಷ್ಟು ಸುಲಭವಾದ ಮೇಲೆ ಒಳಗಿನ ಪ್ರಶ್ನೆಯು ಉಳಿಯಿತು. ಕಾವೇರಿಯ ತೀರದ ಕುಳಿತ್ತಲೈಯಲ್ಲಿ ೧೯೫೦ರಲ್ಲಿ ಶಾಂತಿವನವನ್ನು ಸ್ಥಾಪಿಸಿದ ಇಬ್ಬರು ಫ್ರೆಂಚ್ ಪಾದ್ರಿಗಳೇ ಇದರಲ್ಲಿ ಎರಡು ದಾರಿ ಹಿಡಿದರು. ಮೊಂಶನೇನ್ ಅವರಿಗೆ ಅದ್ವೈತವೂ ತ್ರಿತ್ವವೂ ಕೂಡಲಾರವೆಂಬ ಶಂಕೆಯು ಬಲವಾಯಿತು. ಅಭಿಷಿಕ್ತಾನಂದರೆನಿಸಿದ ಲೆ ಸೋ ಅವರು ರಮಣಮಹರ್ಷಿಗಳನ್ನು ಕಂಡು, ಅರುಣಾಚಲದ ಗುಹೆಗಳಲ್ಲಿದ್ದು, ಎರಡನ್ನೂ ಬಿಡಲಾರದೆ ೧೯೭೩ರಲ್ಲಿ ತೀರಿಕೊಳ್ಳುವವರೆಗೂ ಸೆಣಸಿದರು. ಅವರು ಯಾವುದನ್ನೂ ಸಾಕ್ಷಿಯೆಂದಾಗಲಿ ಲೌಕಿಕವೆಂದಾಗಲಿ ಕರೆಯಲಿಲ್ಲ. ಬೆಲೆಯನ್ನು ತಾವೇ ತೆತ್ತರು.

ಸಿದ್ಧಾಂತದ ದೃಷ್ಟಿಯಿಂದ ನೋಡಿದರೆ ಕಬ್ಬಾಲವು ಕಥೋಲಿಕರಿಗೆ ಅದ್ವೈತಕ್ಕಿಂತ ಹತ್ತಿರದ್ದೇ. ಅದರ ಪರಮಸಾಧನೆಯಾದ ‘ದೆವೆಕೂತ್’ ಎಂದರೆ ದೇವರನ್ನು ಅಂಟಿಕೊಳ್ಳುವಿಕೆ. ಅಂಟಿಕೊಳ್ಳಲು ಇಬ್ಬರು ಬೇಕು. ಈ ವಿದ್ಯೆಯ ಚರಿತ್ರೆಯನ್ನು ಶೋಧಿಸಿದ ಗೆರ್ಶೋಂ ಶೋಲೆಂ ಅವರು ಇದನ್ನು ಐಕ್ಯವೆನ್ನಲು ಒಪ್ಪಲಿಲ್ಲ. ಐಕ್ಯವೂ ಉಂಟೆನ್ನುವ ಪಂಡಿತರಿದ್ದಾರೆ. ೧೯೮೯ರಲ್ಲಿ ಧ್ಯಾನದ ವಿಷಯವಾಗಿ ರೋಮಿನಿಂದ ಬಂದ ಪತ್ರವು, ಬೇರೆ ಮತಗಳ ಸಾಧನಗಳು ಪ್ರಾರ್ಥನೆಗೆ ನೆರವಾಗಬಹುದೆಂದು ಹೇಳಿ, ಜೀವನು ದೇವನಲ್ಲಿ ಕರಗಿಹೋಗುವನೆಂಬುದನ್ನು ಮಾತ್ರ ಒಪ್ಪಲಿಲ್ಲ. ಆ ಗೆರೆಯು ಎಳೆಯಲ್ಪಟ್ಟಿರುವುದು ಜೀವೇಶ್ವರಭೇದದ ಮೇಲೆ. ಹಾಗಾದರೆ ಉಡುಪಿಯ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಅದೇ ಭೇದವನ್ನು ನಿತ್ಯವೆಂದು ಸಾಧಿಸಿದ ನಾಡಿನಲ್ಲಿ, ಕಾಷಾಯವನ್ನುಟ್ಟ ಪಾದ್ರಿಗಳು ಅವರನ್ನು ಬಿಟ್ಟು ಶಂಕರರ ಬಾಗಿಲನ್ನೇ ಮತ್ತೆ ಮತ್ತೆ ತಟ್ಟಿದುದೇಕೆಂಬುದು ಬೇರೆಯೇ ಬರೆಯತಕ್ಕ ವಿಷಯವಾಗಿದೆ.